ನಾರುಹುಣ್ಣು: ಇದು ಯಾವ ನಾರು?

ಬಳಗದ ಎಲ್ಲರಿಗೂ ನಮಸ್ಕಾರ.

ಉಷ್ಣವಲಯದ ಪರಾವಲಂಬಿ ರೋಗಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಮಲೇರಿಯಾ, ಆನೆಕಾಲು, ಕೊಕ್ಕೆಹುಳು ಇವೆಲ್ಲ ಸಲೀಸಾಗಿ ಮುಗಿದವು. ನಾರುಹುಣ್ಣಿನ ಹತ್ತಿರ ಬಂದು ನಿಂತಿದ್ದೇನೆ. ಕರಡು ಓದಿದ ಬೆಂಗಳೂರಿನ ಹುಡುಗಿಯೊಬ್ಬಳು, "ನಾರುಹುಣ್ಣು ಅಂದ್ರೆ ನಾತ ಹೊಡೆಯೋ ಹುಣ್ಣು ಅಲ್ವಾ?" ಎಂದು ಕೇಳಿದಳು. ಅವಳದೇನೂ ತಪ್ಪಿಲ್ಲ. ಚರಂಡಿ ನಾರುತ್ತದೆ, ಕೊಳೆತ ಮೀನು ನಾರುತ್ತದೆ. ತೆಂಗಿನ ನಾರು ಗೊತ್ತಿದ್ದರೂ, ಹುಣ್ಣು ಅಂದ ಕೂಡಲೇ ಅದು ನೆನಪಿಗೆ ಬರುವುದಿಲ್ಲ.

ರೋಗವನ್ನು ಕಣ್ಣಾರೆ ಕಂಡವರಿಗೆ ಮಾತ್ರ ಈ ಅನುಮಾನ ಬರುವುದಿಲ್ಲ. ಮೊದಲು ಕಾಲಿನ ಮೇಲೆ, ಜಾಸ್ತಿ ಮೊಣಕಾಲಿನ ಕೆಳಗೆ, ಒಂದು ಗುಳ್ಳೆ ಏಳುತ್ತದೆ. ಬೆಂಕಿ ಇಟ್ಟ ಹಾಗೆ ಉರಿ. ಗುಳ್ಳೆ ಒಡೆದರೆ ಬಿಳಿ ಎಳೆಯೊಂದರ ತುದಿ ಕಾಣುತ್ತದೆ. ಅದೇ ಈ ರೋಗ ತರುವ ಹೆಣ್ಣು ಹುಳು. ಉದ್ದ ಒಂದು ಮೀಟರಿನವರೆಗೂ ಇರಬಹುದು, ದಪ್ಪ ಮಾತ್ರ ಒಂದೆರಡು ಮಿಲಿಮೀಟರ್. ಜೋರಾಗಿ ಎಳೆದರೆ ತುಂಡಾಗುತ್ತದೆ, ಒಳಗೆ ಉಳಿದದ್ದು ಕೀವು ಕಟ್ಟುತ್ತದೆ. ಅದಕ್ಕೇ ತುದಿಯನ್ನು ಒಂದು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಬೆರಳಗಲದಷ್ಟೇ ಸುತ್ತುತ್ತಾ ಹೋಗಬೇಕು. ಪೂರ್ತಿ ಹೊರಗೆ ಬರಲು ವಾರಗಳೇ ಹಿಡಿಯುತ್ತವೆ. ಇದಕ್ಕೆ ಇವತ್ತಿಗೂ ಲಸಿಕೆಯಿಲ್ಲ, ಒಳಗಿರುವ ಹುಳುವನ್ನು ಕೊಲ್ಲುವ ಮಾತ್ರೆಯೂ ಇಲ್ಲ. ಆ ಕಡ್ಡಿಯ ಮೇಲಿನ ಎಳೆ ನೋಡಿದವರು ಅದನ್ನು ನಾರು ಅನ್ನದೆ ಇನ್ನೇನು ಅಂದಾರು?

ಹಾಗಾಗಿ ಇದು ವಾಸನೆಯ ನಾರಲ್ಲ, ಎಳೆಯ ನಾರು. ಇಷ್ಟು ಸ್ಪಷ್ಟ. ನನ್ನ ಮೊದಲ ಪ್ರಶ್ನೆ ಇಲ್ಲಿಂದ ಶುರು. ಈ ನಾರು ನಮ್ಮ ಕನ್ನಡದ್ದೇ, ಇಲ್ಲ ಮರಾಠಿ ಕಡೆಯಿಂದ ಬಂದದ್ದೇ?

ನಮ್ಮದು ಅನ್ನಲು ಕಾರಣ ಇದೆ. ತಮಿಳಿನ ನಾರ್, ತೆಲುಗಿನ ನಾರ, ಮಲಯಾಳದ ನಾರ್ ಎಲ್ಲ ಒಂದೇ ಬೇರಿನ ಪದಗಳು. ತೆಲುಗಿನಲ್ಲಿ ಈ ರೋಗಕ್ಕೆ ನಾರಿಕುರುಪು ಅನ್ನುತ್ತಾರೆ. ಕುರುಪು ಅಂದರೆ ಹುಣ್ಣು. ನಮ್ಮ ಪದದ ಕಟ್ಟಡವೂ ಅದೇ. ಆದರೆ ಮರಾಠಿಯಲ್ಲಿ ಈ ರೋಗದ ಹೆಸರು ನಾರೂ. ರಾಜಸ್ಥಾನ, ಮಧ್ಯಪ್ರದೇಶದ ಕಡೆಯೂ ನಾರೂ, ನಹರುವಾ ಎನ್ನುವ ರೂಪಗಳಿವೆ. ಇವು ಹೋಗಿ ಮುಟ್ಟುವುದು, ನರದಂಥ ಎಳೆ ಎಂಬ ಅರ್ಥದ ಸ್ನಾಯು ಎನ್ನುವ ಸಂಸ್ಕೃತ ಪದದ ಬಳಗಕ್ಕೆ. ಪಾಲಿಯಲ್ಲಿ ಸ್ನಾಯುವಿಗೆ ನಹಾರು ಎನ್ನುತ್ತಾರೆ. ಆಯುರ್ವೇದದಲ್ಲಿ ಈ ರೋಗದ ಹೆಸರೇ ಸ್ನಾಯುಕ. ಅಂದರೆ ಬೇರೆ ಬೇರೆ ಬೇರಿನ ಎರಡು ಪದಗಳು ಒಂದೇ ಹುಳುವಿನ ಮೇಲೆ, ಹೆಚ್ಚುಕಡಿಮೆ ಒಂದೇ ಉಚ್ಚಾರದಲ್ಲಿ, ಬಂದು ಕೂತಿವೆ.

ಪದ ನಮ್ಮದೇ ಅಂತ ನನ್ನ ಅನಿಸಿಕೆ. ಮರಾಠಿಯಿಂದ ಬಂದಿದ್ದರೆ ಬರೀ 'ನಾರು' ಎಂದೇ ರೋಗದ ಹೆಸರಾಗಿ ನಿಲ್ಲಬೇಕಿತ್ತು, ಹಿಂದೆ ಹುಣ್ಣು ಸೇರಿಸುವ ಅಗತ್ಯ ಇರಲಿಲ್ಲ. ಆದರೆ ವಿಜಯಪುರದ ಕಡೆಯ ನಮ್ಮ ಸೋದರತ್ತೆ ಹೇಳುತ್ತಿದ್ದದ್ದು ಹೀಗೆ: "ನಿಮ್ಮ ಮಾಮಾಗ ಕಾಲಾಗ ನಾರು ಎದ್ದಿತ್ತು." ಹುಣ್ಣು ಅನ್ನುವ ಮಾತೇ ಇಲ್ಲ. ಈ ಒಂದು ವಾಕ್ಯ ನನ್ನ ವಾದವನ್ನು ಅಲುಗಾಡಿಸುತ್ತದೆ. ಗಡಿ ಭಾಗದಲ್ಲಿ ಒಂದು ಬಳಕೆ, ರಾಯಚೂರು, ಬಳ್ಳಾರಿಯ ತೆಲುಗು ನೆರೆಯಲ್ಲಿ ಇನ್ನೊಂದು ಬಳಕೆ ಇತ್ತೇ? ಬಲ್ಲವರು ದಯವಿಟ್ಟು ತಿಳಿಸಿ.

ಈಗ ಹೊಸ ಬರಹಗಳಲ್ಲಿ 'ಗಿನಿ ಹುಳು ರೋಗ' ಅಂತ ಬರುತ್ತಿದೆ. ಇದನ್ನು ನಾನು ಒಪ್ಪುವುದಿಲ್ಲ. ಗಿನಿ ಅನ್ನುವುದು ಪಶ್ಚಿಮ ಆಫ್ರಿಕಾದ ಕರಾವಳಿಗೆ ಯುರೋಪಿನವರು ಇಟ್ಟುಕೊಂಡ ಹೆಸರು. ಅರಬ್ಬರು ಇದನ್ನು ಮದೀನಾದ ನರ ಎಂದರು, ಪಾರಸಿಯಲ್ಲಿ ರಿಶ್ತಾ, ಅಂದರೆ ನೂಲು. ಎಲ್ಲರೂ ಕಂಡದ್ದನ್ನೇ ತಮ್ಮ ಮಾತಿನಲ್ಲಿ ಹೇಳಿದ್ದಾರೆ. ನಮಗೂ ನಮ್ಮ ಮಾತು ಇರುವಾಗ ಗಿನಿ ಯಾಕೆ? ಪುಸ್ತಕದಲ್ಲಿ ರೋಗಕ್ಕೆ ನಾರುಹುಣ್ಣು, ಪ್ರಾಣಿಗೆ ನಾರುಹುಳು ಅಂತ ಬರೆದಿದ್ದೇನೆ. ಇದರಲ್ಲಿ ತೊಡಕು ಕಂಡರೆ ಹೇಳಿ.

ಎರಡನೆಯ ಪ್ರಶ್ನೆ ಸೈಕ್ಲಾಪ್ಸ್ ಎಂಬ ನೀರಿನ ಪುಟ್ಟ ಪ್ರಾಣಿಯ ಹೆಸರಿನ ಬಗ್ಗೆ. ಹುಳು ಮನುಷ್ಯನ ಒಳಗೆ ಹೋಗುವ ದಾರಿಯನ್ನು 1870ರ ಸುಮಾರಿಗೆ ಕಂಡುಕೊಂಡವನು ರಷ್ಯಾದ ಅಲೆಕ್ಸೇಯ್ ಫೆದ್ಚೆಂಕೊ, ಮಧ್ಯ ಏಷ್ಯಾದ ತುರ್ಕಿಸ್ತಾನದಲ್ಲಿ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿಗೆ ಇಳಿಬಿಡುತ್ತಾನೆ. ಹುಳು ತಕ್ಷಣ ಹಾಲಿನಂಥ ದ್ರವ ಕಾರುತ್ತದೆ, ಅದರ ತುಂಬ ಮರಿಗಳು. ಅವನ್ನು ನೀರಿನಲ್ಲಿರುವ ಸೈಕ್ಲಾಪ್ಸ್ ನುಂಗುತ್ತದೆ. ಆ ನೀರು ಕುಡಿದವನ ಕಾಲಿನಲ್ಲಿ ಸುಮಾರು ಒಂದು ವರ್ಷ ಕಳೆದ ಮೇಲೆ ನಾರು ಏಳುತ್ತದೆ. ನಮ್ಮಲ್ಲಿ ಇದಕ್ಕೆಲ್ಲ ನೆಲೆ ಮೆಟ್ಟಿಲುಬಾವಿಯಾಗಿತ್ತು. ಇಳಿದು ಕೊಡ ಮುಳುಗಿಸುವ ಬಾವಿಗೆ ಕಾಲು ತಾಗುತ್ತದೆ, ಹಗ್ಗ ಹಾಕಿ ಸೇದುವ ಬಾವಿಗೆ ತಾಗುವುದಿಲ್ಲ. ದೇಶದ ನಿರ್ಮೂಲನಾ ಕಾರ್ಯಕ್ರಮ 1983-84ರಲ್ಲಿ ಶುರುವಾದಾಗ ಇಳಿಯುವ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದ್ದು, ಕೊಳವೆಬಾವಿ ಕೊರೆಸಿದ್ದು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದ್ದು ಇದಕ್ಕೇ. ಆಗ ರೋಗ ಇದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಮುಕ್ತ ಎಂದು ಸಾರಿತು.

ಈ ಸೈಕ್ಲಾಪ್ಸ್‌ಗೆ 'ನೀರುಚಿಗಟ' ಅಂತ ಬರೆಯಿರಿ ಎಂದು ಒಬ್ಬರು ಸಲಹೆ ಕೊಟ್ಟರು. ನನಗೆ ಅದು ಅಪಾಯಕಾರಿ ಪದ ಅನಿಸುತ್ತದೆ. ಚಿಗಟ ಅಂದರೆ ನಮ್ಮ ಮಕ್ಕಳಿಗೆ ಕಚ್ಚುವ ಪ್ರಾಣಿ. ನೀರಿಗಿಳಿದರೆ ಅದು ಕಚ್ಚಿ ರೋಗ ಬರುತ್ತದೆ ಅಂತ ತಿಳಿದುಕೊಳ್ಳುತ್ತಾರೆ, ಬಟ್ಟೆಯಲ್ಲಿ ಸೋಸುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಇದು ಚಿಗಟದ ಜಾತಿಯೂ ಅಲ್ಲ, ಸಿಗಡಿಯ ದೂರದ ನೆಂಟ. ಬಾವಿಯ ನೀರನ್ನು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದರೆ ಜಿಗಿಯುವ ಬಿಳಿ ಚುಕ್ಕಿಯಾಗಿ ಕಾಣುತ್ತದೆ. ಒಂದೇ ಕಣ್ಣು ಇರುವುದರಿಂದ ಆ ಗ್ರೀಕ್ ಹೆಸರು. 'ಒಕ್ಕಣ್ಣಿ' ಅಂದರೆ ಹೇಗೆ? ಇಲ್ಲ, ಸೈಕ್ಲಾಪ್ಸ್ ಅಂತಲೇ ಇರಲಿ ಅನ್ನುತ್ತೀರಾ?

ಇದರ ಜೊತೆಗೇ ಇನ್ನೊಂದು. ಹುಳುವಿಗೆ ಜಾಗ ಕೊಡುವ ಪ್ರಾಣಿಗೆ ಪಠ್ಯಪುಸ್ತಕಗಳಲ್ಲಿ 'ಆತಿಥೇಯ' ಎಂಬ ಪದ ಇದೆ. ಕರೆದು ಮಣೆ ಹಾಕಿ ಊಟಕ್ಕಿಡುವವರು ಆತಿಥೇಯರು. ಕಾಲಿನಲ್ಲಿ ನಾರು ಎದ್ದು, ಬಿತ್ತನೆ ಹೊತ್ತಿನಲ್ಲಿ ಹೊಲಕ್ಕೆ ಹೋಗಲಾರದೆ ಬಿದ್ದುಕೊಂಡವರನ್ನು ಹಾಗೆ ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ. 'ಆಸರೆಜೀವಿ' ಅಂತ ಸದ್ಯಕ್ಕೆ ಬರೆದಿದ್ದೇನೆ.

ಕೊನೆಯದಾಗಿ, ನಾಯಿಗಳ ವಿಷಯ. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗೆ ಇದ್ದ ರೋಗ 2024ರಲ್ಲಿ 15 ಜನರಿಗೆ ಇಳಿದಿದೆ, ಅದೂ ಆಫ್ರಿಕಾದ ಚಾಡ್ ಮತ್ತು ದಕ್ಷಿಣ ಸೂಡಾನ್ ದೇಶಗಳಲ್ಲಿ. ಆದರೆ 2012ರಿಂದ ಚಾಡ್‌ನ ನಾಯಿಗಳಲ್ಲಿ ಅದೇ ಹುಳು ಕಾಣುತ್ತಿದೆ. ಮೀನು, ಕಪ್ಪೆ ತಿಂದು ಬರುತ್ತಿರಬಹುದು ಎಂಬುದರ ಮೇಲೆ ಸಂಶೋಧನೆ ನಡೆಯುತ್ತಿದೆ. ನಮ್ಮ ಹಿರಿಯರು ನಾಯಿಗೂ 'ನಾರು ಎದ್ದಿದೆ' ಅನ್ನುತ್ತಿದ್ದರೇ?

ಇದನ್ನು ಕಂಡ ನೆನಪು ಇರುವವರು ಈಗ 50 ದಾಟಿದವರು. ಕಲಬುರಗಿ, ಕೊಪ್ಪಳ, ಬಾಗಲಕೋಟೆ, ಗದಗ ಕಡೆಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ನಾರು 'ಎದ್ದಿತು' ಅನ್ನುತ್ತಿದ್ದರೋ, 'ಆಯಿತು' ಅನ್ನುತ್ತಿದ್ದರೋ, 'ಹೊರಟಿತು' ಅನ್ನುತ್ತಿದ್ದರೋ? ಕಡ್ಡಿಗೆ ಸುತ್ತುವ ಕೆಲಸಕ್ಕೆ, ಸುತ್ತುವವರಿಗೆ ಬೇರೆ ಹೆಸರು ಇತ್ತೇ? ಅವರು ಹೇಳಿದ ವಾಕ್ಯವನ್ನು ತಿದ್ದದೆ, ಊರು, ತಾಲ್ಲೂಕಿನ ಹೆಸರಿನ ಜೊತೆ ಹಾಗೆಯೇ ಬರೆದು ಕಳಿಸಿ.