ಪಾರಾಯಣದಲ್ಲಿ ಮನಸ್ಸು ನಿಲ್ಲುವುದಿಲ್ಲ, ಏನು ಮಾಡಲಿ?

ಪ್ರಶ್ನೆ – ಹೊಸ ಓದುಗಿ
ಅತ್ತೆಯವರ ಭಾಗವತವನ್ನು ದಿನಕ್ಕೊಂದು ಅಧ್ಯಾಯದಂತೆ ಓದುತ್ತಿದ್ದೇನೆ. ದಶಮಸ್ಕಂಧದ ಕೊನೆಯ ಭಾಗಕ್ಕೆ ಬಂದಿದ್ದೇನೆ. ಬಾಯಿ ಓದುತ್ತದೆ, ಮನಸ್ಸು ಕುಕ್ಕರಿನ ಸೀಟಿ ಎಣಿಸುತ್ತದೆ. ಅತ್ತೆ ಓದಿ ಎದ್ದರೆ ಮುಖ ಅರಳಿರುತ್ತಿತ್ತು. ನನಗೆ ಇವತ್ತಿನದು ಮುಗಿಯಿತಲ್ಲ ಎಂಬ ನೆಮ್ಮದಿಯಷ್ಟೆ. ಸನ್ನಿವೇಶವನ್ನು ಕಣ್ಣೆದುರು ತಂದುಕೊಂಡು ಓದಿ ಎನ್ನುತ್ತಾರೆ. ಹೇಗೆ?

ಉತ್ತರ – ನಿವೃತ್ತ ಮೇಷ್ಟ್ರು
ಒಳ್ಳೆಯ ಜಾಗಕ್ಕೇ ಬಂದಿದ್ದೀರಿ ತಾಯಿ. 80 ಮತ್ತು 81ನೆಯ ಅಧ್ಯಾಯ ಕುಚೇಲನ ಕಥೆ. ದಯವಿಟ್ಟು ಓಡಬೇಡಿ.

ಹೆಂಡತಿಯಿಂದ ಶುರು ಮಾಡಿ. ಮನೆಯಲ್ಲಿ ಕಾಳಿಲ್ಲ. ನಾಲ್ಕು ಹಿಡಿ ಅವಲಕ್ಕಿ ಬೇಡಿ ತಂದು ಬಟ್ಟೆಯ ಚೂರಿನಲ್ಲಿ ಕಟ್ಟಿಕೊಡುತ್ತಾಳೆ. ಯಾರ ಬಾಗಿಲಿಗೆ ಮೊದಲು ಹೋದಳು? ದ್ವಾರಕೆಗೆ ಉಡುಗೊರೆ ಎಂದು ಹೇಳಿದಳೇ, ಬಾಯಿ ಕಟ್ಟಿತೇ? ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ದ್ವಾರಕೆಯಲ್ಲಿ ಕೃಷ್ಣ ತಾನೇ ಕಾಲು ತೊಳೆಯುತ್ತಾನೆ, ರಾಣಿ ಚಾಮರ ಬೀಸುತ್ತಾಳೆ. 'ನನಗೇನು ತಂದೆ?' ಎಂದಾಗ ಕುಚೇಲ ನಾಚಿ ತಲೆ ತಗ್ಗಿಸುತ್ತಾನೆ. ಕೃಷ್ಣ ಗಂಟನ್ನು ಕಸಿದುಕೊಂಡು ಒಂದು ಹಿಡಿ ತಿನ್ನುತ್ತಾನೆ; ಎರಡನೆಯದಕ್ಕೆ ಕೈ ಹಾಕಿದಾಗ ರುಕ್ಮಿಣಿ ತಡೆಯುತ್ತಾಳೆ.

ಹರಿಕಥೆಗಳಲ್ಲಿ ಇಲ್ಲಿಂದ ನೇರವಾಗಿ ಅರಮನೆಯಾದ ಗುಡಿಸಲಿಗೆ ಹಾರುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ನಡುವೆ ಒಂದು ದಾರಿ ಇದೆ. ಅವನು ಏನೂ ಕೇಳಲಿಲ್ಲ, ಕೃಷ್ಣ ಕೈಗೆ ಏನೂ ಕೊಡಲಿಲ್ಲ. ಬರಿಗೈಯಲ್ಲಿ ನಡೆಯುತ್ತ, ತಬ್ಬಿಕೊಂಡನಲ್ಲ, ತನ್ನ ಮಂಚದ ಮೇಲೆ ಕೂರಿಸಿದನಲ್ಲ ಎಂದು ಒಂದೊಂದನ್ನೇ ನೆನೆದು ಹಿಗ್ಗುತ್ತಾನೆ. ಹಣ ಕೊಟ್ಟರೆ ಬಡವ ಸೊಕ್ಕಿ ತನ್ನನ್ನು ಮರೆತಾನೆಂದೇ ಕರುಣೆಯಿಂದ ಕೊಡಲಿಲ್ಲ ಎಂದುಕೊಳ್ಳುತ್ತಾನೆ. ಮನೆ ಇನ್ನೂ ಕಂಡಿಲ್ಲ! ಆ ದಾರಿಯಲ್ಲಿ ಅವನ ಜೊತೆ ನಡೆಯಿರಿ. ನನ್ನಾಕೆ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮನೆಯವರು ಫ್ಲಾಸ್ಕಿನಲ್ಲಿ ತರುತ್ತಿದ್ದ ಗಂಜಿ ನನಗೆ ನೆನಪಾಗುವುದು ಈ ಜಾಗದಲ್ಲೇ.

ಉತ್ತರ – ಕರಾವಳಿಯವ
ನಮ್ಮ ಕ್ರೈಸ್ತರಲ್ಲೂ ಈ ಕ್ರಮವಿದೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡ, ಮುಂದೆ ಸಂತನೆನಿಸಿದ ಯೋಧ ಇಗ್ನೇಷಿಯಸ್ ಲೊಯೋಲಾ ಹಾಸಿಗೆಯಲ್ಲಿ ಓದಲು ವೀರರ ಕಥೆ ಕೇಳಿದ. ಮನೆಯಲ್ಲಿ ಸಿಕ್ಕಿದ್ದು ಯೇಸುವಿನ ಚರಿತ್ರೆ, ಸಂತರ ಕಥೆಗಳು. ವೀರನಾಗುವ ಹಗಲುಗನಸು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಸಂತರಂತೆ ಬಾಳುವ ಕನಸಿನ ಸಂತೋಷ ಮಾತ್ರ ಆಮೇಲೂ ಉಳಿಯುತ್ತಿತ್ತು. ಮುಂದೆ ಅವನು ಬರೆದ ಸಾಧನಾಕ್ರಮ 1548ರಲ್ಲಿ ಅಚ್ಚಾಯಿತು. ಅದರಲ್ಲಿ ತುಂಬು ಬಸುರಿ ಮರಿಯ ನಜರೇತಿನಿಂದ ಬೆತ್ಲೆಹೇಮಿಗೆ ಹೋಗುವ ದಾರಿ ಎಷ್ಟು ಉದ್ದ, ಸಮತಟ್ಟೋ ಕಣಿವೆಯೋ, ಯೇಸು ಹುಟ್ಟಿದ ಗವಿ ಎಷ್ಟು ಎತ್ತರ ಎಂದು ಊಹಿಸಿಕೊಳ್ಳಬೇಕು. ನೀವೂ ಅಲ್ಲೇ, ಬಡ ಸೇವಕನಾಗಿ.

ಉತ್ತರ – ಸಂದೇಹಿ
ಶಾಸ್ತ್ರಗ್ರಂಥಕ್ಕೆ ನಮ್ಮ ಕಲ್ಪನೆ ಬೆರೆಸಿದರೆ ಅದು ನಮ್ಮದೇ ಕಥೆಯಾಗುವುದಿಲ್ಲವೇ?

ಉತ್ತರ – ನಿವೃತ್ತ ಮೇಷ್ಟ್ರು
ಆಗುತ್ತದೆ, ಬಿಗಿ ತಪ್ಪಿದರೆ. ಮೂಲ ಹೇಳಿದ್ದನ್ನು ಬದಲಿಸಬೇಡಿ, ಕೃಷ್ಣನ ಬಾಯಲ್ಲಿ ನಿಮ್ಮ ಮಾತು ತುರುಕಬೇಡಿ. ಮೂಲ ಸುಮ್ಮನಿರುವ ಕಡೆ ನೋಡಿ, ಕೇಳಿ, ಅಷ್ಟೆ. ಊಹೆಯನ್ನು ಊಹೆಯೆಂದೇ ಇಟ್ಟುಕೊಳ್ಳಿ.

ಹೊಸ ಓದುಗಿ
80 ಓದಿದೆ. ಹೆಂಡತಿಯ ಜೊತೆ ಹೊರಟವಳು ಹೋಗಿ ನಿಂತದ್ದು ಅಂತಃಪುರದ ಹೆಂಗಸರ ನಡುವೆ. ಈ ಕೊಳೆಯ ಬಡವನಿಗೆ ಇಷ್ಟು ಮರ್ಯಾದೆಯೇ ಎಂದು ಅವರು ಬೆರಗಾಗುತ್ತಾರಲ್ಲ, ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆ! ಒಬ್ಬಳೇ ಕುಳಿತು ನಕ್ಕೆ. 81ನ್ನು ಎರಡು ದಿನ ಮಾಡಿ ಓದುತ್ತೇನೆ, ಮೇಷ್ಟ್ರೇ.