ಅಪ್‌ಡೇಟ್: ಅಂಡಮಾನ್‌ನಲ್ಲಿ ಸ್ಕೂಬಾ ಮಾಡ್ಲಾ ಬೇಡ್ವಾ ಅಂತ ಕೇಳಿದ್ದೆ

ಹೋದ ತಿಂಗಳು ಕೇಳಿದ್ದೆ ಅಲ್ವಾ, ಐದು ದಿನದ ಅಂಡಮಾನ್ ಟ್ರಿಪ್, ನಂಗೆ ಈಜು ಬರಲ್ಲ, ಸ್ಕೂಬಾಗೆ (ಸಿಲಿಂಡರ್ ಗಾಳಿ ಉಸಿರಾಡ್ತಾ ನೀರೊಳಗೆ ಇಳಿಯೋ ಡೈವಿಂಗ್) ಒಂದು ದಿನ ಕೊಡ್ಲಾ ಅಂತ. ಮಾಡೇಬಿಟ್ಟೆ ಕಣ್ರೀ! ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ನಿಮ್ಮಲ್ಲೊಬ್ರು ಹೇಳಿದ ಮಾತಿಂದ ಪ್ಲಾನೇ ಬದಲಾಯ್ತು. ನಾನು ಡೈವ್‌ನ ಕೊನೇ ದಿನಕ್ಕೆ ಇಟ್ಕೊಂಡಿದ್ದೆ, ಆದ್ರೆ ನೀರೊಳಗಿನ ಒತ್ತಡಕ್ಕೆ ಮೈಗೆ ಸೇರ್ಕೊಂಡ ನೈಟ್ರೋಜನ್ ಹೊರಗೆ ಹೋಗೋಕೆ ಟೈಮ್ ಬೇಕು, ಒಂದೇ ಡೈವ್ ಆದ್ರೂ ಫ್ಲೈಟ್‌ಗೆ ಕನಿಷ್ಠ 12 ಗಂಟೆ ಗ್ಯಾಪ್ ಇರ್ಬೇಕು, ಜಾಸ್ತಿ ಡೈವ್ ಮಾಡಿದ್ರೆ 18. ಅದಕ್ಕೆ ಎರಡನೇ ದಿನ ಬೆಳಿಗ್ಗೆನೇ ಹ್ಯಾವ್ಲಾಕ್‌ನಲ್ಲಿ, ಅಂದ್ರೆ ಈಗಿನ ಸ್ವರಾಜ್ ದ್ವೀಪದಲ್ಲಿ, ನೀಮೋ ರೀಫ್ ಅನ್ನೋ ಹವಳದ ದಿಬ್ಬದ ಹತ್ರ ಇಳಿದೆ.

ಈಜು ಬರ್ದೇ ಇದ್ದಿದ್ದು ಸಮಸ್ಯೆನೇ ಆಗ್ಲಿಲ್ಲ, ಇನ್‌ಸ್ಟ್ರಕ್ಟರ್ ಕೊನೇವರೆಗೂ ಹಿಡ್ಕೊಂಡೇ ಇದ್ರು. ಕಷ್ಟ ಆಗಿದ್ದು ಬರೀ ಬಾಯಲ್ಲಿ ಉಸಿರಾಡೋದು, ಆಮೇಲೆ ಕಿವಿ. ಸ್ವಲ್ಪ ಕೆಳಗೆ ಹೋಗ್ತಿದ್ದಂಗೆ ಕಿವಿ ಒತ್ತುತ್ತೆ, ಮೂಗು ಹಿಡ್ಕೊಂಡು ಮೆಲ್ಲಗೆ ಊದಿದ್ರೆ ಬಿಡುತ್ತೆ, ನೋವು ಶುರುವಾಗೋ ಮುಂಚೆನೇ ಮಾಡ್ಬೇಕು. ಆಮೇಲೆ ಸೀ ಅನಿಮೋನ್ (ಹೂವಿನ ಥರ ಕಾಣೋ ಸಮುದ್ರ ಜೀವಿ) ಒಳಗಿಂದ ಕಿತ್ತಳೆ ಬಣ್ಣದ ಪುಟ್ಟ ಕ್ಲೌನ್‌ಫಿಶ್ ಆಚೆ ಬಂದು ನಮ್ಮನ್ನೇ ನೋಡ್ತು ನೋಡಿ, ಕಣ್ಣಲ್ಲಿ ನೀರು ಬಂತು, ನಿಜ.

ಬೇಜಾರು ಅಂದ್ರೆ ನನ್ನ ಹೆಂಡ್ತಿಗೆ ನೆಗಡಿ ಆಗಿತ್ತು. ಮೂಗು ಕಟ್ಟಿದ್ರೆ ಕಿವಿ ಒತ್ತಡ ಬಿಡಲ್ಲ, ಡೈವ್ ಬೇಡ ಅಂದ್ರು ಇನ್‌ಸ್ಟ್ರಕ್ಟರ್, ಅವ್ರು ಹೇಳಿದ್ದು ಸರಿನೇ. ಅವಳು ಮಾರನೇ ದಿನ ಎಲಿಫೆಂಟ್ ಬೀಚ್‌ನಲ್ಲಿ ಸ್ನಾರ್ಕೆಲಿಂಗ್ (ಬಾಯಲ್ಲಿ ಕೊಳವೆ ಇಟ್ಕೊಂಡು ನೀರಿನ ಮೇಲೇ ತೇಲ್ತಾ ಕೆಳಗೆ ನೋಡೋದು) ಮಾಡಿದ್ಲು. ಅವಳಿಗೋಸ್ಕರ ಈ ಚಳಿಗಾಲದಲ್ಲಿ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವ್ ಮಾಡೋಕೆ ಹೋಗೋಣ ಅಂತಿದೀವಿ.