ಪದ ಬೇಕು: ಆ್ಯಪ್‌ನಿಂದ ಸ್ಟೋರ್ ಪುಟಕ್ಕೆ ಕಳಿಸುವ ಬಟನ್‌ಗೆ (ನಾಳೆ ಸಂಜೆಯೊಳಗೆ)

ಚಿಂತಾಮಣಿಯಿಂದ

ಎಲ್ಲರಿಗೂ ನಮಸ್ಕಾರ.

ಟೊಮ್ಯಾಟೊ ಬೆಳೆಯುವವರಿಗೆಂದು ನಾವು ನಾಲ್ಕು ಜನ ಸೇರಿ ಒಂದು ಚಿಕ್ಕ ಆ್ಯಪ್ ಮಾಡಿದ್ದೇವೆ. ಕೋಲಾರದ ಮಂಡಿಯಲ್ಲಿ, ನಮ್ಮ ಚಿಂತಾಮಣಿ ಮಂಡಿಯಲ್ಲಿ 15 ಕೆಜಿ ಬಾಕ್ಸ್ ಯಾವ ರೇಟಿಗೆ ಹೋಯಿತು ಅಂತ ಬರೆದಿಟ್ಟುಕೊಳ್ಳಬಹುದು, ಅಷ್ಟೇ. ಅದರಲ್ಲಿ ಎರಡು ಬಟನ್ ಇವೆ. ಎರಡೂ ಸ್ಟೋರಿನಲ್ಲಿರುವ ನಮ್ಮ ಆ್ಯಪ್ ಪುಟವನ್ನೇ ತೆರೆಯುತ್ತವೆ. ಒಂದು ಹಳೆಯ ಆ್ಯಪ್ ಇಟ್ಟುಕೊಂಡವರಿಗೆ. ಇನ್ನೊಂದು ಸ್ಟಾರ್ ಕೊಡಿ ಅಂತ ಕೇಳುವುದಕ್ಕೆ.

ಈಗಿರುವ ಕನ್ನಡ ಯಂತ್ರದಿಂದ ಬಂದದ್ದು. ಮೊದಲ ಬಟನ್ ಮೇಲೆ "ನಮ್ಮ ಅಂಗಡಿ ಪುಟಕ್ಕೆ ಭೇಟಿ ನೀಡಿ" ಅಂತಿದೆ. ಓದಿದ ಇಬ್ಬರು ಫೋನ್ ಮಾಡಿ ಅಂಗಡಿ ಎಲ್ಲಿದೆ, ಔಷಧಿನೂ ಸಿಗುತ್ತಾ ಅಂತ ಕೇಳಿದರು. ಎರಡನೆಯದರ ಮೇಲೆ "ನಮ್ಮನ್ನು ರೇಟ್ ಮಾಡಿ" ಅಂತಿದೆ. ಮಂಡಿಯಲ್ಲಿ ರೇಟ್ ಅಂದರೆ ಒಂದೇ ಅರ್ಥ. ಸ್ಟಾರ್ ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ ಒಬ್ಬರು ಅವತ್ತಿನ ಬಾಕ್ಸ್ ರೇಟ್ ಬರೆದಿದ್ದಾರೆ. ತಪ್ಪು ಅವರದಲ್ಲ, ನಾವಿಟ್ಟ ಪದದ್ದು.

ಪ್ಲೇ ಸ್ಟೋರ್ ಅಂತ ಹೆಸರು ಹಾಕಿ ಅಂತ ನೀವು ಅನ್ನಬಹುದು. ಆದರೆ ಐಫೋನಿಗೂ ಮಾಡುತ್ತಿದ್ದೇವೆ. ಆ್ಯಪ್ ಒಳಗೆ ಬೇರೆ ಕಂಪನಿಯ ಫೋನ್ ವ್ಯವಸ್ಥೆಯ ಹೆಸರು ತರಬಾರದು ಅನ್ನುವುದು ಆಪಲ್ ನಿಯಮ. ಎರಡು ಕಡೆಗೂ ಹೊಂದುವ ಒಂದೇ ಮಾತು ಸಿಕ್ಕರೆ ಒಳ್ಳೆಯದು. ಬಟನ್ ಚಿಕ್ಕದು, ಎರಡು ಪದ ದಾಟಿದರೆ ಕೆಳಗಿನ ಸಾಲಿಗೆ ಬೀಳುತ್ತದೆ. ಸಹಾಯದ ಪುಟದಲ್ಲಿ "ಲಿಂಕ್" ಅನ್ನುವುದಕ್ಕೂ ಏನಾದರೂ ಹೇಳಿ.

ತುಮಕೂರಿನಿಂದ

ಲಿಂಕಿಗೆ ಕೊಂಡಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಕನ್ನಡ ವಿಕಿಪೀಡಿಯದಲ್ಲಿ "ಹೊರಗಿನ ಕೊಂಡಿಗಳು" ಅಂತ ಬಹಳ ಕಾಲದಿಂದ ನಡೆದುಬಂದಿದೆ.

ಸ್ಟೋರಿಗೆ ಮಳಿಗೆ. ಪುಟ ಬೇಡ, ಅದು ಸಂಸ್ಕೃತ. ಅಲ್ಲಿ ಅದರ ಅರ್ಥ ಮಡಿಸಿದ್ದು, ದೊನ್ನೆ. ನಮ್ಮದು ಹಾಳೆ. ನಮ್ಮ ಗುಬ್ಬಿ ಕಡೆ ಅಡಿಕೆ ತೋಟ ಇರುವ ಮನೆಯಲ್ಲಿ ಹಾಳೆ ಅಂದರೆ ಏನು ಅಂತ ಮಕ್ಕಳಿಗೂ ಗೊತ್ತು. ಮರದಿಂದ ಬೀಳುವುದೂ ಹಾಳೆ, ಬರೆಯುವುದೂ ಹಾಳೆ. "ಮಳಿಗೆ ಹಾಳೆ ನೋಡಿ" ಅಂತ ಬರೆಯಿರಿ. 13ನೇ ಶತಮಾನದಲ್ಲಿ ಆಂಡಯ್ಯ ಸಂಸ್ಕೃತದ ಪದಗಳನ್ನು ಇದ್ದಂತೆಯೇ ತರದೆ ಒಂದು ಇಡೀ ಕಾವ್ಯ ಬರೆದ. ರೈತರಿಗಾಗಿ ನಮ್ಮ ಕೈಲಿ ಎರಡು ಬಟನ್ ಆಗುವುದಿಲ್ಲವೇ?

ಕೋಲಾರದಿಂದ

ಕೊಂಡಿ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಚೇಳು. ತೆಲುಗಿನಲ್ಲೂ ಹಾಗೇ. ಕೊಂಡಿ ಒತ್ತಿ ಅಂದರೆ ಯಾರೂ ಒತ್ತುವುದಿಲ್ಲ. ಮಳಿಗೆ ಹಾಳೆ ಯಾರಿಗೂ ಅರ್ಥ ಆಗುವುದಿಲ್ಲ. ಬೇಡ.

ತುಮಕೂರಿನಿಂದ

ಚೇಳಿನದು ಒಂದು ಅರ್ಥ ಮಾತ್ರ. ಬಾಗಿಲಿಗೆ ಕೊಂಡಿ ಇದೆ, ಸರಪಳಿಗೆ ಕೊಂಡಿ ಇದೆ. ತಮಿಳಿನಲ್ಲೂ ಬಾಗಿಲಿಗೆ ಹಾಕುವುದು ಕೊಂಡಿಯೇ. ಬಾಗಿ ಸಿಕ್ಕಿಸಿಕೊಳ್ಳುವುದು ಯಾವುದೋ ಅದೆಲ್ಲ ಕೊಂಡಿ. ಇಂಗ್ಲಿಷಿನ ಲಿಂಕ್ ಕೂಡ ಸರಪಳಿಯ ಕೊಂಡಿಯೇ ತಾನೇ? ಇಷ್ಟು ಚೆನ್ನಾಗಿ ಕೂಡುವ ಪದವನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಬೇಡಿ.

ಶಿಡ್ಲಘಟ್ಟದಿಂದ

ಸ್ಟೋರಿಗೆ ಮಾರುಕಟ್ಟೆ ಯಾಕಾಗಬಾರದು? ಆಂಡ್ರಾಯ್ಡಿನ ಸ್ಟೋರ್ 2008ರಲ್ಲಿ ಶುರುವಾದಾಗ ಅದರ ಹೆಸರೇ ಆಂಡ್ರಾಯ್ಡ್ ಮಾರ್ಕೆಟ್. ಗೂಗಲ್ ಪ್ಲೇ ಅಂತ ಆಗಿದ್ದು 2012ರ ಮಾರ್ಚಿನಲ್ಲಿ. ಹೆಸರು ಹೋದರೂ ಪದ ಹೋಗಲಿಲ್ಲ. ಆ್ಯಪ್ ಒಳಗಿಂದ ನೇರವಾಗಿ ಪ್ಲೇ ಸ್ಟೋರ್ ತೆರೆಯುವ ವಿಳಾಸ ಇವತ್ತಿಗೂ "ಮಾರ್ಕೆಟ್" ಅಂತಲೇ ಶುರುವಾಗುತ್ತದೆ. ನಮ್ಮೂರಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಅನ್ನುವ ಮಾತು ನೂಲು ತೆಗೆಯುವ ರೀಲರ್‌ಗಳ ಬಾಯಲ್ಲೂ ಇದೆ, ಬೆಳೆಗಾರರ ಬಾಯಲ್ಲೂ ಇದೆ. ಮಾರು, ಕಟ್ಟೆ. ಮಾರುವ ಕಟ್ಟೆ. ಪೂರ್ತಿ ನಮ್ಮದೇ.

ಅಂದಹಾಗೆ, ಆ ವಿಳಾಸವನ್ನಷ್ಟೇ ನಂಬಬೇಡಿ. ಪ್ಲೇ ಸ್ಟೋರ್ ಇಲ್ಲದ ಫೋನಿನಲ್ಲಿ ಅದು ತೆರೆಯುವುದಿಲ್ಲ. ಕೋಡಿನಲ್ಲಿ ಅದಕ್ಕೆ ದಾರಿ ಮಾಡದಿದ್ದರೆ ಆ್ಯಪ್ಪೇ ಮುಚ್ಚಿಹೋಗುತ್ತದೆ. ಬ್ರೌಸರಿನಲ್ಲಿ ತೆರೆಯುವ ಮಾಮೂಲಿ ವೆಬ್ ವಿಳಾಸವನ್ನೂ ಜೊತೆಗೆ ಇಡಿ.

ಕೋಲಾರದಿಂದ

ಮಾರು ಕಟ್ಟೆ ಅಂತ ಬಿಡಿಸುವುದು ಕೇಳಲು ಚೆನ್ನಾಗಿದೆ. ಇಂಗ್ಲಿಷಿನ ಮಾರ್ಕೆಟ್ಟೇ ಕನ್ನಡದ ಬಾಯಿಗೆ ಬಂದು ಹಾಗಾಯಿತು ಅನ್ನುವವರೂ ಇದ್ದಾರೆ, ನಾನೂ ಅದೇ ಪಕ್ಷ. ಅದೇನೇ ಇರಲಿ, ಟೊಮ್ಯಾಟೊ ಆ್ಯಪ್‌ನಲ್ಲಿ ಮಾರುಕಟ್ಟೆ ಅಂತ ಬಟನ್ ಇಟ್ಟರೆ ಒತ್ತಿದವರು ಮಂಡಿ ರೇಟ್ ಹುಡುಕುತ್ತಾರೆ. ಅಂಗಡಿಗೆ ಆದ ಗತಿಯೇ ಇದಕ್ಕೂ ಆಗುತ್ತದೆ.

ಇನ್ನು ತುಮಕೂರಿನ ಮೇಷ್ಟ್ರಿಗೆ ಒಂದು ಮಾತು. ಆಂಡಯ್ಯನ ಹೆಸರು ಹೇಳಿದ ಮೇಲ್‌ನಲ್ಲೇ ನೀವು "ರೈತರಿಗಾಗಿ" ಅಂತ ಬರೆದಿದ್ದೀರಿ. ರೈತ ಅರಬ್ಬಿಯಿಂದ ಪಾರಸಿಗೆ ಹೋಗಿ ಅಲ್ಲಿಂದ ನಮ್ಮಲ್ಲಿಗೆ ಬಂದ ಪದ. ಹರಾಜು ಅರಬ್ಬಿ. ರುಜು ಅರಬ್ಬಿ. ಕಾಗದ ಪಾರಸಿ. ಚಾವಿ ಪೋರ್ಚುಗೀಸ್. "ರೈತ ಹರಾಜಿಗೆ ಬಂದು ರುಜು ಹಾಕಿ ಹೋದ." ಇದು ಕನ್ನಡ ಅಲ್ಲ ಅಂತ ಯಾರಾದರೂ ಹೇಳಲಿ ನೋಡೋಣ. ಹೆಸರುಪದ ಮೂರೂ ಹೊರಗಿನವು. ಬಂದು, ಹಾಕಿ, ಹೋದ ನಮ್ಮವು. ವಾಕ್ಯ ಹಿಡಿದು ನಿಲ್ಲಿಸಿರುವುದು ಆ ಮೂರು ಮಾತು. ಆ್ಯಪ್, ಸ್ಟೋರ್, ಲಿಂಕ್ ಬಂದರೆ ಬರಲಿ ಬಿಡಿ. "ನಿಮ್ಮನ್ನು ಪುಟಕ್ಕೆ ಕರೆದೊಯ್ಯಲಾಗುತ್ತದೆ" ಅಂತ ಬರೆಯುತ್ತಾರಲ್ಲ, ನನಗೆ ಹೊಟ್ಟೆ ಉರಿಯುವುದು ಅಲ್ಲಿ. ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಠಾಣೆಗೆ ಕರೆದೊಯ್ಯುತ್ತಾರೆ. ಪುಟ ತೆರೆದುಕೊಳ್ಳುತ್ತದೆ. ಪದ ಪದಕ್ಕೂ ಜಗಳ ಆಡುವವರು ಈ ಕ್ರಿಯಾಪದದ ಹಾಳನ್ನು ಯಾಕೆ ನೋಡುವುದಿಲ್ಲ?

ತುಮಕೂರಿನಿಂದ

300 ವರ್ಷದಲ್ಲಿ ಬಂದು ಬೇರು ಬಿಟ್ಟ ಪದಕ್ಕೂ ನಿನ್ನೆ ಫೋನಿನಲ್ಲಿ ಬಂದ ಪದಕ್ಕೂ ವ್ಯತ್ಯಾಸ ಇಲ್ಲವೇ? ರೈತ ಬಂದ ಕಾಲದಲ್ಲಿ ಕನ್ನಡ ಅದನ್ನು ನಿಧಾನಕ್ಕೆ ಅರಗಿಸಿಕೊಂಡಿತು. ಈಗ ವಾರಕ್ಕೆ ಹತ್ತು ಪದ ಬರುತ್ತವೆ. ಅರಗಿಸಿಕೊಳ್ಳಲು ಸಮಯ ಎಲ್ಲಿದೆ? ಇದ್ದ ಪದ ಬಳಸದೆ ಬಿಟ್ಟರೆ ಅದು ಸಾಯುತ್ತದೆ. ನನ್ನ ಕಾಳಜಿ ಅದು. ಕರೆದೊಯ್ಯುವ ವಿಷಯದಲ್ಲಿ ನೀವು ಹೇಳಿದ್ದು ಸರಿ.

ಸ್ಟಾರಿಗಾದರೂ ಚುಕ್ಕಿ ಅನ್ನಿ. "ಚುಕ್ಕಿ ಕೊಡಿ."

ಚಿಂತಾಮಣಿಯಿಂದ

ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ಮಂಡಿಗೆ ಹೋಗಿದ್ದೆ. ನಿಮ್ಮ ಪದಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು, ಬಾಕ್ಸ್ ಇಳಿಸಿ ಕೂತಿದ್ದವರಿಗೆ ಓದಿ ಹೇಳಿದೆ.

ಮೇಷ್ಟ್ರೇ, ಮೊದಲು ಚುಕ್ಕಿ ವಿಷಯ. ಟೊಮ್ಯಾಟೊ ಬೆಳೆಯುವವರಿಗೆ ಚುಕ್ಕಿ ಅಂದರೆ ಎಲೆಚುಕ್ಕೆ ರೋಗ. ಒಬ್ಬ ಅಜ್ಜ ಮುಖ ಸಪ್ಪಗೆ ಮಾಡಿಕೊಂಡು ಯಾವ ತೋಟಕ್ಕೆ ಬಂತಮ್ಮಾ ಅಂತ ಕೇಳಿದರು. ಅದು ಆಗಲಿಕ್ಕಿಲ್ಲ. ಸ್ಟಾರ್ ಅಂದರೆ ಎಲ್ಲರಿಗೂ ತಿಳಿಯಿತು.

ಮೊದಲ ಬಟನ್‌ಗೆ ನಾನು ಪದ ಕೇಳಲಿಲ್ಲ. ಫೋನ್ ತೋರಿಸಿ, ಇದನ್ನು ಒತ್ತಿದರೆ ಹೊಸದು ಬರುತ್ತೆ, ಇದಕ್ಕೆ ಏನಂತೀರಿ ಅಂದೆ. ಒಬ್ಬರೂ ಸ್ಟೋರ್ ಅನ್ನಲಿಲ್ಲ, ಅಂಗಡಿ ಅನ್ನಲಿಲ್ಲ, ಪುಟ ಅನ್ನಲಿಲ್ಲ. "ಹೊಸದು ಹಾಕ್ಕೋಬೇಕಾ?" ಅಂದರು. ನಾವು ಎಲ್ಲಿಗೆ ಕಳಿಸುತ್ತೇವೆ ಅಂತ ಬರೆಯಲು ಇಷ್ಟು ಹೊತ್ತು ಒದ್ದಾಡಿದೆವು. ಅವರಿಗೆ ಬೇಕಾಗಿದ್ದು ಅಲ್ಲಿ ಹೋಗಿ ಏನು ಮಾಡಬೇಕು ಅನ್ನುವುದು. ಹಾಗಾದರೆ ಸ್ಟೋರಿನ ಹೆಸರೇ ಬೇಕಾಗಿಲ್ಲ. ಐಫೋನಿನ ತೊಂದರೆಯೂ ಅಲ್ಲಿಗೆ ತೀರಿತು.

"ಹೊಸದು ಹಾಕಿಕೊಳ್ಳಿ" ಅಂತ ಇಡೋಣವೇ?

ಶಿಡ್ಲಘಟ್ಟದಿಂದ

ಸ್ವಲ್ಪ ತಡೆಯಿರಿ. ಹೊಸದು ಹಾಕಿಕೊಳ್ಳಿ ಅಂದರೆ ಹಳೆಯದನ್ನು ತೆಗೆಯಬೇಕು ಅಂದುಕೊಳ್ಳುವವರು ಇರುತ್ತಾರೆ. ನಿಮ್ಮ ಆ್ಯಪ್ ರೇಟಿನ ಲೆಕ್ಕವನ್ನು ಫೋನಿನಲ್ಲೇ ಇಡುತ್ತದೆ ಅಲ್ವಾ? ತೆಗೆದರೆ ಲೆಕ್ಕವೂ ಹೋಗುತ್ತದೆ. ಮನೆಯಲ್ಲಿ ನನ್ನ ಅಣ್ಣ ಹೀಗೇ ಒಂದು ಆ್ಯಪ್ ತೆಗೆದು ಮತ್ತೆ ಹಾಕಿ, ಗೂಡಿನ ಒಂದು ವರ್ಷದ ಲೆಕ್ಕ ಕಳೆದುಕೊಂಡ.

ಮೊದಲ ಸಲ ಹಾಕುವವರಿಗೆ ಹಾಕಿಕೊಳ್ಳಿ ಸರಿ. ಇದ್ದದ್ದನ್ನು ಹೊಸದು ಮಾಡುವುದಕ್ಕೆ ಅಪ್‌ಡೇಟ್ ಅನ್ನುವುದೇ ವಾಸಿ. ಹೇಗೂ ಸ್ಟೋರ್ ತೆರೆದ ಮೇಲೆ ಅಲ್ಲಿ ಇನ್ನೊಂದು ಸಲ ಒತ್ತಬೇಕಾಗಿರುವುದು ಅಪ್‌ಡೇಟ್ ಬಟನ್ನೇ. ಎರಡು ಕಡೆ ಒಂದೇ ಮಾತಿದ್ದರೆ ತಡಕಾಡುವುದಿಲ್ಲ.

ಸ್ಟಾರ್ ಬಟನ್ ಮೇಲೆ "ಐದು ಸ್ಟಾರ್ ಕೊಡಿ" ಅಂತ ಬರೆಯಬೇಡಿ. ಎಷ್ಟು ಅನ್ನುವುದು ಅವರಿಷ್ಟ.

ಚಿಂತಾಮಣಿಯಿಂದ

ಲೆಕ್ಕ ಹೋಗುವುದು ನನಗೆ ಹೊಳೆದೇ ಇರಲಿಲ್ಲ. ಹೇಳಿದ್ದು ಬಹಳ ಒಳ್ಳೆಯದಾಯಿತು.

ಇವತ್ತು ರಾತ್ರಿ ಕಳಿಸುತ್ತಿರುವುದು ಇದು. ಮೊದಲ ಬಟನ್: "ಅಪ್‌ಡೇಟ್ ಮಾಡಿಕೊಳ್ಳಿ". ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ: "ನೀವು ಬರೆದ ಲೆಕ್ಕ ಹಾಗೇ ಇರುತ್ತದೆ". ಎರಡನೆಯದು: "ಸ್ಟಾರ್ ಕೊಡಿ". ಸಹಾಯದ ಪುಟದಲ್ಲಿ: "ಬಟನ್ ಒತ್ತಿದರೆ ಸ್ಟೋರ್ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಈ ಲಿಂಕ್ ಒತ್ತಿ." ಕೊಂಡಿ ಬಿಟ್ಟಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಮೇಷ್ಟ್ರೇ. ಮಂಡಿಯಲ್ಲಿ ಅದನ್ನೂ ಓದಿದೆ. ಇಬ್ಬರು ನೆಲ ನೋಡಿದರು.

ತುಮಕೂರಿನಿಂದ

"ಮಾಡಿ" ಬಿಟ್ಟು "ಮಾಡಿಕೊಳ್ಳಿ" ಅಂತ ಬರೆದಿರಿ, ಅದು ಸರಿ. ಕೆಲಸ ಯಾರಿಗಾಗಿ ಅಂತ ಆ ಕೊಳ್ಳು ಹೇಳುತ್ತದೆ. ಲಿಂಕ್ ಮಾತ್ರ ನಾನು ಒಪ್ಪಿಲ್ಲ.

ರೈತ ಪದದ ಬಗ್ಗೆ ಬೇರೆ ಮೇಲ್ ಹಾಕುತ್ತೇನೆ. ಒಕ್ಕಲಿಗ ಈಗ ಜಾತಿಯ ಹೆಸರಾಗಿ ನಿಂತಿದೆ. ಬೇಸಾಯಗಾರ ಇದೆ, ಅದನ್ನು ಯಾರೂ ಎತ್ತಲಿಲ್ಲ.